ಸಪ್ತಾಹ ಮುಗಿದ ಮೇಲೂ ಲಿಂಕ್ ತೆರೆಯಲಿ: ಗ್ರಂಥಾಲಯ ಅಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳು ಮತ್ತು ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ

ವಿಷಯ: ಎಲ್ಲ ವಯಸ್ಸಿನವರಿಗೂ ಉಚಿತ ಆನ್‌ಲೈನ್ ಕಾರ್ಯಕ್ರಮಗಳನ್ನು ವರ್ಷಪೂರ್ತಿ ನಡೆಸುವಂತೆ ಕೋರಿ

ಮಾನ್ಯರೇ,

ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹದಲ್ಲಿ ಉಪನ್ಯಾಸ, ಮಕ್ಕಳಿಗೆ ಕಥೆ, ರಸಪ್ರಶ್ನೆ, ಕವಿಗೋಷ್ಠಿ ಎಂದು ಒಂದಲ್ಲ ಒಂದು ಆನ್‌ಲೈನ್ ಕಾರ್ಯಕ್ರಮ ಹಲವು ಕಡೆ ನಡೆಯುತ್ತದೆ. 21ನೇ ತಾರೀಖು ಅದೇ ಲಿಂಕ್ ಒತ್ತಿದರೆ ಖಾಲಿ ಪರದೆ. ಮುಂದಿನದು ಯಾವಾಗ ಎಂದು ಕೇಳಿದರೆ ಹೇಳುವವರಿಲ್ಲ, ಏಕೆಂದರೆ ಆ ಕೆಲಸ ಯಾರ ಪಾಲಿಗೂ ಬಿದ್ದಿಲ್ಲ. ಪುಸ್ತಕ ಎರವಲು ಕೊಡುವುದಕ್ಕೆ ಒಬ್ಬರಿದ್ದಾರೆ, ಬೆಳಗಿನ ಪತ್ರಿಕೆ ಜೋಡಿಸಿಡುವುದಕ್ಕೆ ಒಬ್ಬರಿದ್ದಾರೆ. ಆನ್‌ಲೈನ್ ಕಾರ್ಯಕ್ರಮ ಮಾತ್ರ ಹಬ್ಬಕ್ಕೆ ಕಟ್ಟಿದ ತೋರಣದ ಹಾಗೆ ಬಂದು ಒಣಗಿಹೋಗುತ್ತಿದೆ. ಅದನ್ನೂ ಪುಸ್ತಕ ಎರವಲಿನಂತೆ ಗ್ರಂಥಾಲಯದ ದಿನನಿತ್ಯದ ಸೇವೆ ಎಂದು ಪರಿಗಣಿಸಿ, ಅದಕ್ಕೊಂದು ವೇಳಾಪಟ್ಟಿ, ಒಬ್ಬ ಹೊಣೆಗಾರ ಮತ್ತು ಒಂದಿಷ್ಟು ಹಣ ಇಡಿ ಎಂದು ಕೇಳುವುದಕ್ಕೆ ಈ ಪತ್ರ.

2020ರಲ್ಲಿ ಲಾಕ್‌ಡೌನ್ ಬಂದು ಗ್ರಂಥಾಲಯಗಳ ಬಾಗಿಲು ಮುಚ್ಚಿದಾಗ ಮನೆಯಲ್ಲೇ ಕೂತು ಮಕ್ಕಳಿಗೆ ಕಥೆ ಓದಿದವರು, ಹಿರಿಯರಿಗೆ ಕಾವ್ಯ ವಾಚಿಸಿದವರು ನಮ್ಮ ನಡುವೆ ಎಷ್ಟೋ ಜನರಿದ್ದರು. ಬಾಗಿಲು ತೆರೆದ ಮೇಲೆ ಇನ್ನೇಕೆ ಇದು ಎಂದು ನಿಲ್ಲಿಸಲಾಯಿತು. ಬಾಗಿಲು ತೆರೆದಿದ್ದರೂ ಬರಲಾಗದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಮೊದಲ ಮಹಡಿಯ ವಾಚನಾಲಯಕ್ಕೆ ಮೆಟ್ಟಿಲು ಹತ್ತಲಾರದವರು, ಗಾಲಿಕುರ್ಚಿಯಲ್ಲಿರುವವರು, ಕೈಗೂಸಿನ ತಾಯಂದಿರು, ಗಾರ್ಮೆಂಟ್ಸ್ ಪಾಳಿ ಮುಗಿಸಿ ರಾತ್ರಿ ಮನೆ ಸೇರುವವರು, ಬಸ್ಸಿಲ್ಲದ ಊರಿನ ಮಕ್ಕಳು. ಇವರ ಜೊತೆಗೆ ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ, ಮುಂಬಯಿಯಲ್ಲಿರುವ ಕನ್ನಡಿಗರು ಮತ್ತು ಕೊಲ್ಲಿ ದೇಶಗಳಲ್ಲಿ ದುಡಿಯುವವರು. ಇವರಿಗೆಲ್ಲ ಗ್ರಂಥಾಲಯ ಎಂದರೆ ಆ ಲಿಂಕೇ.

ಮೊದಲು ಹಣದ ಮಾತು, ಏಕೆಂದರೆ ಎಲ್ಲ ಮನವಿಗಳೂ ಅಲ್ಲಿಗೇ ಹೋಗಿ ನಿಲ್ಲುತ್ತವೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ 1965ರದ್ದು. ಅದರಡಿ ನಗರ, ಪಟ್ಟಣಗಳಲ್ಲಿ ಆಸ್ತಿ ತೆರಿಗೆ ಕಟ್ಟುವವರು ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ಹಾಗಾಗಿ ‘ಉಚಿತ’ ಎಂದು ನಾವು ಕೇಳುತ್ತಿರುವುದು ದಾನವನ್ನಲ್ಲ, ಮುಂಗಡ ಕೊಟ್ಟ ದುಡ್ಡಿಗೆ ಸೇವೆಯನ್ನು. ವಸೂಲಾದ ಕರ ಸ್ಥಳೀಯ ಸಂಸ್ಥೆಗಳಿಂದ ಹೊತ್ತಿಗೆ ಸರಿಯಾಗಿ ಗ್ರಂಥಾಲಯಗಳ ಕೈ ಸೇರುವುದಿಲ್ಲ ಎಂಬುದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿರುವ ವಿಷಯ. ಆ ಜಗಳ ಬಗೆಹರಿಯುವ ತನಕ ಇದನ್ನೂ ತಡೆಹಿಡಿಯಬೇಕಾಗಿಲ್ಲ. ಮುಂದೆ ಹೇಳಲಿರುವ ಸಲಕರಣೆಗಳಲ್ಲಿ ಹೆಚ್ಚಿನವು ಒಂದು ಉಕ್ಕಿನ ಕಪಾಟಿನ ಬೆಲೆಯೊಳಗೆ ಬರುವಂಥವು.

ಆದರೆ ಇನ್ನೊಂದು ‘ಉಚಿತ’ ನಡೆಯುತ್ತಿದೆ, ಅದನ್ನು ನಿಲ್ಲಿಸಬೇಕು. ಕಥೆ ಹೇಳುವವರನ್ನು, ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕಿಗಳನ್ನು, ಸಂಜ್ಞಾಭಾಷೆಯ ಅನುವಾದಕರನ್ನು ಬಿಟ್ಟಿಯಾಗಿ ಕರೆಯುವುದು. ಕೇಳುಗರಿಗೆ ಉಚಿತವಾಗಿರಬೇಕಾದರೆ ಮಾಡುವವರಿಗೆ ಸಂಭಾವನೆ ಇರಲೇಬೇಕು. ಮೊದಲ ಸಲ ಪ್ರೀತಿಯಿಂದ ಬಂದವರು ಮೂರನೇ ಸಲಕ್ಕೆ ಫೋನ್ ಎತ್ತದಿದ್ದರೆ ತಪ್ಪು ಅವರದ್ದಲ್ಲ.

ಇರುವ ಅಡಿಪಾಯ ಸಣ್ಣದೇನಲ್ಲ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳೇ (ಈಗಿನ ಅರಿವು ಕೇಂದ್ರಗಳು) 5,600ಕ್ಕೂ ಹೆಚ್ಚು. 2020ರ ಫೆಬ್ರುವರಿಯಲ್ಲಿ ಡಿಜಿಟಲ್ ಗ್ರಂಥಾಲಯ ಶುರುವಾಯಿತು. ಅದೇ ವರ್ಷ ನವೆಂಬರ್ 14ರಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಹಳ್ಳಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಎಷ್ಟೋ ಅರಿವು ಕೇಂದ್ರಗಳ ಗೋಡೆಯ ಮೇಲೆ ಟಿವಿ ಇದೆ, ಮೇಜಿನ ಮೇಲೆ ಕಂಪ್ಯೂಟರ್ ಇದೆ. ಡಿಜಿಟಲ್ ಗ್ರಂಥಾಲಯ ಒಳ್ಳೆಯ ಕಪಾಟು. ಆದರೆ ಕಪಾಟಿನ ಪುಸ್ತಕವನ್ನು ತೆಗೆದು ಆರು ವರ್ಷದ ಮಗುವಿಗೆ ಓದಿ ಹೇಳುವ ದನಿ ಅದರಲ್ಲಿಲ್ಲ. ಕೊರತೆ ಇರುವುದು ಅಲ್ಲಿ.

ನಡೆದ ಕಾರ್ಯಕ್ರಮಗಳು ಏಕೆ ಸೋತವು ಎಂಬುದನ್ನು ಬಿಡಿಸಿ ಹೇಳುತ್ತೇವೆ. ಕಾರಣಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ.

ಝೂಮ್‌ನ ಉಚಿತ ಖಾತೆಯಲ್ಲಿ ಗುಂಪಿನ ಸಭೆ 40 ನಿಮಿಷಕ್ಕೆ ಕಡಿತವಾಗುತ್ತದೆ, 100 ಜನರಿಗಷ್ಟೇ ಜಾಗ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಮಾತು ಮುಗಿಯುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಕಥೆ ಆರಂಭವಾಗಿ ಐದಾರು ನಿಮಿಷಕ್ಕೆ ಪರದೆ ಮುಚ್ಚಿಕೊಳ್ಳುತ್ತದೆ. ಹೊಸ ಲಿಂಕ್ ಕಳಿಸುವಷ್ಟರಲ್ಲಿ ಮಕ್ಕಳು ಎದ್ದು ಹೋಗಿರುತ್ತಾರೆ. ಮಕ್ಕಳ ಕಾರ್ಯಕ್ರಮಕ್ಕೆ ವೇದಿಕೆ ಕಾರ್ಯಕ್ರಮದ ಶಿಷ್ಟಾಚಾರ ಬೇಡ. ‘ನಮಸ್ಕಾರ, ಇವತ್ತಿನ ಕಥೆ ಇದು’ ಎಂಬ ಒಂದು ವಾಕ್ಯದ ಸ್ವಾಗತ ಸಾಕು. ಅತಿಥಿಗಳನ್ನು ಕರೆಯಲೇಬೇಕಾದರೆ ಅವರ ಕೈಗೊಂದು ಪುಸ್ತಕ ಕೊಟ್ಟು ಎರಡು ಪುಟ ಓದಿಸಿ. ಸಮಯದ ಮಿತಿ ಬೇಡವಾದರೆ ಹಣ ಕೊಟ್ಟು ಖಾತೆ ಕೊಳ್ಳಬಹುದು, ಇಲ್ಲವೇ ಇಲಾಖೆಯ ಸರ್ವರಿನಲ್ಲೇ ಜಿಟ್ಸಿ ಅಥವಾ ಬಿಗ್‌ಬ್ಲೂಬಟನ್ ಸ್ಥಾಪಿಸಬಹುದು. ಎರಡೂ ವಿಡಿಯೊ ಸಭೆಯ ಮುಕ್ತ ತಂತ್ರಾಂಶಗಳು. ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡುವುದಾದರೆ, ಮೊದಲ ಸಲ ಆ ಸೌಲಭ್ಯ ಕೇಳಿಕೊಂಡ ಮೇಲೆ ತೆರೆಯುವುದಕ್ಕೆ 24 ಗಂಟೆ ಹಿಡಿಯಬಹುದು. ಕಾರ್ಯಕ್ರಮದ ದಿನ ಬೆಳಿಗ್ಗೆ ಖಾತೆ ತೆರೆದು ಸಂಜೆ ಕೈಚೆಲ್ಲಿದ ಸಂದರ್ಭಗಳು ಈ ಕಾರಣಕ್ಕೇ ಆದವು.

ಎರಡನೆಯದು ಸದ್ದು. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ದನಿ ಕೆಟ್ಟರೆ ಎರಡು ನಿಮಿಷವೂ ಕೂರುವುದಿಲ್ಲ. ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ನಾಲ್ಕಡಿ ದೂರದಲ್ಲಿ ಕೂತು ಮಾತಾಡಿದರೆ ಫ್ಯಾನಿನ ಸದ್ದೇ ಮೇಲಾಗುತ್ತದೆ. ಬಟ್ಟೆಗೆ ಸಿಕ್ಕಿಸುವ ತಂತಿಯ ಕಾಲರ್ ಮೈಕ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಬೇಕು, ಸೀರೆಯ ಸೆರಗು ಅಥವಾ ಶಲ್ಯ ಅದಕ್ಕೆ ಉಜ್ಜದಂತೆ ನೋಡಿಕೊಳ್ಳಬೇಕು. ಎಷ್ಟೋ ಹೊಸ ಫೋನುಗಳಲ್ಲಿ ಮೈಕ್ ಸಿಕ್ಕಿಸುವ 3.5 ಮಿ.ಮೀ. ತೂತು ಇರುವುದಿಲ್ಲ, ಟೈಪ್-ಸಿ ಪರಿವರ್ತಕ ಜೊತೆಗಿರಬೇಕು. ಇದೊಂದನ್ನು ಮರೆತು ಕೊಂಡ ಮೈಕ್ ಡ್ರಾಯರ್ ಸೇರುತ್ತದೆ. ತಲೆ ಮೇಲಿನ ಫ್ಯಾನ್ ಆರಿಸಿ. ಬರಿ ಟೈಲ್ಸ್ ಮತ್ತು ಬರಿ ಗೋಡೆಯ ಕೋಣೆ ಗುಂಯ್ ಎನ್ನುತ್ತದೆ. ನೆಲಕ್ಕೊಂದು ಜಮಖಾನ ಹಾಸಿ, ಓದುವವರ ಎದುರಿನ ಗೋಡೆಗೆ ದಪ್ಪ ಕಂಬಳಿಯೊಂದನ್ನು ತೂಗುಹಾಕಿದರೆ ಅರ್ಧ ಕಡಿಮೆಯಾಗುತ್ತದೆ. ಮಲೆನಾಡು, ಕರಾವಳಿಯ ತಗಡಿನ ಚಾವಣಿಯ ಕಟ್ಟಡಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ನೇರ ಪ್ರಸಾರದ ಯೋಚನೆಯೇ ಬೇಡ. ಮಳೆ ನಿಂತ ಹೊತ್ತಿನಲ್ಲಿ ಧ್ವನಿಮುದ್ರಿಸಿ ಕಳಿಸಿ.

ಒಂದೇ ಕೋಣೆಯಲ್ಲಿ ಎರಡು ಫೋನುಗಳು ಅದೇ ಸಭೆಗೆ ಸೇರಿ ಎರಡರ ಸ್ಪೀಕರೂ ಮೈಕೂ ತೆರೆದಿದ್ದರೆ ಕೀರಲು ಸದ್ದು ಏಳುತ್ತದೆ. ಸಿಗ್ನಲ್ ಕೆಟ್ಟಿದೆ ಎಂದು ಎಲ್ಲರೂ ಹೊರಗೆ ಹೋಗಿ ಮತ್ತೆ ಬರುತ್ತಾರೆ, ಸದ್ದು ಅಲ್ಲೇ ಇರುತ್ತದೆ. ಒಂದು ಕೋಣೆಗೆ ಒಂದೇ ಮೈಕ್, ಒಂದೇ ಸ್ಪೀಕರ್. ಹಾಗೆಯೇ ಶಿಶುಗೀತೆಯನ್ನು ಎಲ್ಲ ಮಕ್ಕಳ ಬಾಯಲ್ಲೂ ಒಟ್ಟಿಗೆ ಹಾಡಿಸುವ ಆಸೆ ಆನ್‌ಲೈನಿನಲ್ಲಿ ಈಡೇರುವುದಿಲ್ಲ. ಒಬ್ಬೊಬ್ಬರ ದನಿ ಒಂದೊಂದು ತಡದಲ್ಲಿ ಬಂದು ಸೇರುವುದರಿಂದ ತಾಳ ಚದುರುತ್ತದೆ. ಎಲ್ಲರ ಮೈಕ್ ಮುಚ್ಚಿಸಿ ಒಬ್ಬರೇ ಹಾಡಿ, ಮಕ್ಕಳು ತಮ್ಮ ಮನೆಯಲ್ಲಿ ಜೊತೆಗೂಡಿ ಹಾಡಲಿ. ಚಪ್ಪಾಳೆ ಪರದೆಯಲ್ಲಿ ಕಂಡರೆ ಸಾಕು. ಗಮಕಕ್ಕೆ ಈ ತೊಂದರೆ ಇಲ್ಲ. ವಾಚನ ಮುಗಿದ ಮೇಲೆ ವ್ಯಾಖ್ಯಾನ, ವ್ಯಾಖ್ಯಾನದ ಮೇಲೆ ಮತ್ತೆ ವಾಚನ. ವಾಚಿಸುವವರು ಶಿವಮೊಗ್ಗದಲ್ಲೂ ವ್ಯಾಖ್ಯಾನ ಮಾಡುವವರು ಮೈಸೂರಿನಲ್ಲೂ ಕೂತು ನಡೆಸಬಹುದು. ಗಟ್ಟಿಯಾಗಿ ಓದಿ ಕೇಳಿಸುವುದನ್ನೇ ಕಲೆಯಾಗಿ ಬೆಳೆಸಿದ ನಾಡಿನ ಗ್ರಂಥಾಲಯಗಳು ಈ ಕಲೆಗೆ ವಾರಕ್ಕೊಂದು ಗಂಟೆ ಮೀಸಲಿಡದಿರುವುದು ನಮಗೆ ನೋವಿನ ಸಂಗತಿ.

ಚಿತ್ರದ ಬಗ್ಗೆ ಎರಡೇ ಮಾತು. ಪುಸ್ತಕದ ಪುಟ ತೋರಿಸುವಾಗ ಫೋನಿನ ಹಿಂಬದಿ ಕ್ಯಾಮೆರಾ ಬಳಸಿ, ಮುಂಬದಿಯದರಲ್ಲಿ ಕೆಲವು ಫೋನುಗಳು ಅಕ್ಷರವನ್ನು ತಿರುಗುಮುರುಗಾಗಿ ಮುದ್ರಿಸಿಕೊಳ್ಳುತ್ತವೆ. ಕಿಟಕಿ ಓದುವವರ ಬೆನ್ನಿಗಿರದೆ ಮುಖದೆದುರು ಇರಲಿ. ಮತ್ತು ಪ್ರಸಾರಕ್ಕೆ ಬಳಸುವ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ವೈಫೈ ಮಾತ್ರ ತೆರೆದಿಡಿ. ಇಲ್ಲವಾದರೆ ನಡುವೆ ಬರುವ ಒಂದು ಕರೆಗೆ ಎಲ್ಲವೂ ನಿಲ್ಲುತ್ತದೆ. ನೆಟ್ ಪರೀಕ್ಷಿಸುವಾಗ ಎಲ್ಲರೂ ಡೌನ್‌ಲೋಡ್ ವೇಗ ನೋಡಿ ಸಮಾಧಾನಪಡುತ್ತಾರೆ. ಪ್ರಸಾರ ಮಾಡುವವರಿಗೆ ಬೇಕಿರುವುದು ಅಪ್‌ಲೋಡ್. 720ಪಿ ನೇರ ಪ್ರಸಾರಕ್ಕೆ ಅದು ಸ್ಥಿರವಾಗಿ 5 ಎಂಬಿಪಿಎಸ್ ಇರಬೇಕು.

ಮೂರನೆಯದು ಪ್ರಕಟಣೆ. ಹಿಂದಿನ ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಬಣ್ಣದ ಪೋಸ್ಟರ್‌ನಲ್ಲಿ ಅತಿಥಿಗಳ ಫೋಟೊ ದೊಡ್ಡದು, ಸಮಯ ಚಿಕ್ಕದು, ಲಿಂಕ್ ಚಿತ್ರದೊಳಗೆ. ಚಿತ್ರದೊಳಗಿನ ಲಿಂಕ್ ಒತ್ತಲು ಬರುವುದಿಲ್ಲ. ದೃಷ್ಟಿದೋಷವುಳ್ಳ ಓದುಗರಿಗೆ ಪರದೆಯ ಬರಹವನ್ನು ಓದಿ ಹೇಳುವ ಪರದೆವಾಚಕಕ್ಕೆ ಆ ಪೋಸ್ಟರ್ ಬರಿ ‘ಚಿತ್ರ’. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಓದಲಾಗದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಬರುತ್ತದೆ. ಪೋಸ್ಟರ್ ಇರಲಿ, ಅದರ ಕೆಳಗೆ ಯೂನಿಕೋಡ್ ಕನ್ನಡದಲ್ಲಿ ಐದು ಸಾಲು ಇರಲಿ: ಏನು, ಯಾವ ವಯಸ್ಸಿನವರಿಗೆ, ಯಾವ ದಿನ ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಲಿಂಕ್. ಏಳು ದಿನ ಮೊದಲು ಒಮ್ಮೆ, ಅರ್ಧ ಗಂಟೆ ಮೊದಲು ಒಮ್ಮೆ ಕಳಿಸಿ. ಎಲ್ಲ ವಾರಕ್ಕೂ ಒಂದೇ ಲಿಂಕ್ ಇದ್ದರೆ ಅಜ್ಜ ಅಜ್ಜಿಯರಿಗೆ ಮೊಮ್ಮಕ್ಕಳ ಸಹಾಯವೂ ಬೇಕಾಗುವುದಿಲ್ಲ.

ಆದರೆ ಮಕ್ಕಳ ಕಾರ್ಯಕ್ರಮಕ್ಕೆ ಈ ಮಾತು ಅನ್ವಯಿಸದು. ಬಹಿರಂಗವಾಗಿ ಹಂಚಿದ ಲಿಂಕಿಗೆ ಯಾರು ಬೇಕಾದರೂ ಬರಬಹುದು, ಅಸಭ್ಯ ಚಿತ್ರವನ್ನು ಪರದೆಗೆ ಹಾಕಲೂಬಹುದು. ಆದ್ದರಿಂದ ಮುಂಚಿತವಾಗಿ ನೋಂದಾಯಿಸಿಕೊಂಡವರಿಗೆ ಮಾತ್ರ ಲಿಂಕ್ ಕೊಡಿ, ಬಂದವರನ್ನು ನೋಡಿ ಒಳಬಿಡುವ ಕಾಯುವ ಕೋಣೆ (ವೇಟಿಂಗ್ ರೂಮ್) ತೆರೆದಿಡಿ, ಪರದೆ ಹಂಚಿಕೆಯ ಅಧಿಕಾರ ಆತಿಥೇಯರೊಬ್ಬರಿಗೇ ಇರಲಿ. ಈ ಬಾಗಿಲು ಕಾಯುವ ಕೆಲಸವನ್ನು ಓದುವವರೇ ಮಾಡಲಾಗದು. ಎರಡನೆಯ ವ್ಯಕ್ತಿ ಬೇಕೇಬೇಕು. ನೋಂದಣಿಗೆ ಮಗುವಿನ ಹೆಸರು, ವಯೋಗುಂಪು, ತಾಲ್ಲೂಕು ಸಾಕು. ಆಧಾರ್ ಸಂಖ್ಯೆ, ಶಾಲೆಯ ವಿಳಾಸ, ಫೋಟೊ ಕೇಳುವ ಫಾರಂಗಳನ್ನು ದಯವಿಟ್ಟು ಕೈಬಿಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ ಮತ್ತು ಪೋಷಕರ ಒಪ್ಪಿಗೆ ಕೇಳುತ್ತದೆ. ಮಕ್ಕಳ ಮುಖಗಳಿರುವ ಸ್ಕ್ರೀನ್‌ಶಾಟ್ ತೆಗೆದು ವರದಿಗೆ ಲಗತ್ತಿಸುವ, ಫೇಸ್‌ಬುಕ್ಕಿಗೆ ಹಾಕುವ ರೂಢಿ ನಿಲ್ಲಲಿ. ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುವುದಾದರೆ ಓದುವವರ ಪರದೆಯನ್ನಷ್ಟೇ ರೆಕಾರ್ಡ್ ಮಾಡಿ.

ಯಾವ ಪುಸ್ತಕ ಓದಬಹುದು ಎಂಬ ಗೊಂದಲದಲ್ಲೇ ಎಷ್ಟೋ ಮೇಲ್ವಿಚಾರಕರು ಹಿಂಜರಿಯುತ್ತಾರೆ. ಅವರಿಗೆ ಇಲಾಖೆಯಿಂದ ಒಂದು ಪುಟದ ಸುತ್ತೋಲೆ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಮಕ್ಕಳ ಕಥೆ, ಪದ್ಯಗಳನ್ನು ಯಾರ ಅನುಮತಿಯೂ ಇಲ್ಲದೆ ಪೂರ್ತಿ ಓದಬಹುದು. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. ಪ್ರಕಟಿತ ಕೃತಿಯ ಮಿತವಾದ ಭಾಗವನ್ನು ಸಾರ್ವಜನಿಕವಾಗಿ ಓದಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಇಡೀ ಪುಸ್ತಕ ಓದಿ ಯೂಟ್ಯೂಬಿನಲ್ಲಿ ಶಾಶ್ವತವಾಗಿ ಇಡುವುದು ಬೇರೆ ಮಾತು, ಅದಕ್ಕೆ ಬರಹದಲ್ಲಿ ಅನುಮತಿ ಪಡೆಯಬೇಕು. ಪುಟ್ಟ ಮಕ್ಕಳ ಮಟ್ಟಿಗೆ ದಾರಿ ಸಲೀಸಾಗಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಮುಕ್ತ ಪರವಾನಗಿಯ ಕನ್ನಡ ಸಚಿತ್ರ ಕಥೆಗಳು ಬೇಕಾದಷ್ಟಿವೆ. ಬರೆದವರು, ಚಿತ್ರ ಬಿಡಿಸಿದವರು, ಅನುವಾದಿಸಿದವರ ಹೆಸರನ್ನೂ ಪರವಾನಗಿಯನ್ನೂ ಓದಿನ ಆರಂಭದಲ್ಲಿ ಹೇಳಿದರೆ ಸಾಕು.

‘ಎಲ್ಲ ವಯಸ್ಸಿನವರಿಗೂ’ ಎಂದರೆ ಎಲ್ಲರನ್ನೂ ಒಂದೇ ಸಭೆಗೆ ತುಂಬುವುದಲ್ಲ. ಮೂರರಿಂದ ಆರು ವರ್ಷದವರಿಗೆ 15-20 ನಿಮಿಷ ಸಾಕು, ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿರಬೇಕು. ಏಳರಿಂದ ಹನ್ನೆರಡರವರಿಗೆ 40 ನಿಮಿಷ ಕೊಡಬಹುದು; ಅರ್ಧ ಕಥೆ, ಅರ್ಧ ಕೈಕೆಲಸ, ಹಳೆ ಪತ್ರಿಕೆ, ಬೆಂಕಿಪೊಟ್ಟಣ, ಹುಣಸೆಬೀಜದಂಥ ಮನೆಯಲ್ಲಿರುವ ವಸ್ತುಗಳಷ್ಟನ್ನೇ ನಂಬಿ. ಬೇಕಾದ ವಸ್ತುಗಳ ಪಟ್ಟಿಯನ್ನು ಎರಡು ದಿನ ಮೊದಲು ಕಳಿಸದಿದ್ದರೆ ಮೊದಲ ಹತ್ತು ನಿಮಿಷ ಹುಡುಕಾಟದಲ್ಲೇ ಹೋಗುತ್ತದೆ. ಒಬ್ಬ ಮಾರ್ಗದರ್ಶಕರಿಗೆ ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳು ಬೇಡ.

ನಗರ ಗ್ರಂಥಾಲಯಗಳ ಕುರ್ಚಿಗಳಲ್ಲಿ ದಿನವಿಡೀ ಕೂರುವವರು ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು. ಅವರಿಗೆ ಸ್ಫೂರ್ತಿಯ ಭಾಷಣಕ್ಕಿಂತ ಹಿಂದಿನ ಪ್ರಶ್ನೆಪತ್ರಿಕೆಯ ಹತ್ತು ಲೆಕ್ಕಗಳನ್ನು ಬಿಡಿಸಿ ತೋರಿಸುವ ಒಂದು ಗಂಟೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ದುಡಿಯುವ ವಯಸ್ಸಿನವರಿಗೆ ಪಹಣಿ ತೆಗೆಯುವುದು, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವುದು, ಡಿಜಿಲಾಕರ್ ಬಳಸುವುದು. ಇದನ್ನು ಕಲಿಸುವವರು ತಮ್ಮ ಫೋನಿನ ಪರದೆ ಹಂಚಿಕೊಂಡಾಗ ಬರುವ ಒಟಿಪಿ, ಬ್ಯಾಂಕಿನ ಸಂದೇಶ ನೂರು ಜನರಿಗೂ ಕಾಣುತ್ತದೆ. ಅಧಿಸೂಚನೆಗಳನ್ನು ಮುಚ್ಚಿ, ಸ್ವಂತ ಖಾತೆಯ ಬದಲು ಮೊದಲೇ ತೆಗೆದಿಟ್ಟ ಪರದೆಚಿತ್ರಗಳನ್ನು ತೋರಿಸುವುದು ಕ್ಷೇಮ. ಹಿರಿಯರಿಗೆ ಬೆಳಿಗ್ಗೆ 11ರ ಹೊತ್ತು ಅನುಕೂಲ. ಗಮಕ, ಪತ್ರಿಕೆ ಓದು, ಆನ್‌ಲೈನ್ ವಂಚನೆಯ ಬಗ್ಗೆ ಎಚ್ಚರ. ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾನೂನಿನಲ್ಲೂ ಇಲ್ಲ, ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬ ಎರಡು ಮಾತನ್ನು ಪ್ರತಿ ತಿಂಗಳೂ ಹೇಳಿದರೂ ಹೆಚ್ಚಾಗದು. ಹೊರನಾಡ ಕನ್ನಡಿಗರಿಗಾಗಿ ಶನಿವಾರ ಸಂಜೆ 7ರ ಸಮಯ ಇಡಿ. ಆಗ ದುಬೈಯಲ್ಲಿ 5.30, ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 9.30.

ಕಿವುಡ ಓದುಗರನ್ನು ಈವರೆಗೆ ಯಾರೂ ಲೆಕ್ಕಕ್ಕೇ ಹಿಡಿದಂತಿಲ್ಲ. ತಿಂಗಳಿಗೆ ಒಂದು ಕಾರ್ಯಕ್ರಮಕ್ಕಾದರೂ ಭಾರತೀಯ ಸಂಜ್ಞಾಭಾಷೆಯ ಅನುವಾದಕರಿರಲಿ. ಒಂದು ಗಂಟೆಯ ಕಾರ್ಯಕ್ರಮಕ್ಕೆ ಇಬ್ಬರು ಬೇಕು, 20 ನಿಮಿಷಕ್ಕೊಮ್ಮೆ ಬದಲಾಗಬೇಕು. ಅವರ ಚೌಕ ಮೂಲೆಯಲ್ಲಿ ಅಂಚೆಚೀಟಿಯಷ್ಟು ಇದ್ದರೆ ಕೈಬೆರಳು ಕಾಣಿಸುವುದಿಲ್ಲ, ಪರದೆಯ ಕಾಲು ಭಾಗವಾದರೂ ಬೇಕು. ಓದಲಿರುವ ಪಠ್ಯ ಹಿಂದಿನ ದಿನವೇ ಅವರ ಕೈಗೆ ಸಿಗಬೇಕು.

ಇನ್ನು ಡೇಟಾ. ಒಂದು ಗಂಟೆಯ ವಿಡಿಯೊ ಸಭೆ ಅರ್ಧ ಜಿಬಿಯಿಂದ ಒಂದು ಜಿಬಿವರೆಗೆ ತಿನ್ನುತ್ತದೆ. ದಿನಕ್ಕೆ 1.5 ಜಿಬಿಯ ಒಂದೇ ಫೋನನ್ನು ಇಡೀ ಮನೆ ಹಂಚಿಕೊಳ್ಳುವಾಗ ಅದು ಉಚಿತವಾಗಿ ಉಳಿಯುವುದಿಲ್ಲ. ಆದ್ದರಿಂದ ಪ್ರತಿ ಕಾರ್ಯಕ್ರಮದ ಧ್ವನಿಯನ್ನಷ್ಟೇ ಬೇರೆ ಮಾಡಿ, ಮೋನೊದಲ್ಲಿ (ಒಂದೇ ಧ್ವನಿವಾಹಿನಿಯಲ್ಲಿ) 32 ಕೆಬಿಪಿಎಸ್‌ಗೆ ಇಳಿಸಿ ಕಳಿಸಿ. ಇಪ್ಪತ್ತು ನಿಮಿಷದ ಕಥೆ 5 ಎಂಬಿಯೊಳಗೆ ಬರುತ್ತದೆ, ಮಾತು ಸ್ಪಷ್ಟವಾಗಿಯೇ ಕೇಳುತ್ತದೆ. ಫೋನೇ ಇಲ್ಲದವರಿಗೆ ಅರಿವು ಕೇಂದ್ರದ ಟಿವಿ ಇದೆ. ಶನಿವಾರದ ಆ ಗಂಟೆ ಕೇಂದ್ರ ತೆರೆದಿರಬೇಕು, ಅಷ್ಟೇ. ಕರೆಂಟ್ ಹೋದರೆ ಟಿವಿಗಿಂತ ಮೊದಲು ತೊಂದರೆ ಕೊಡುವುದು ರೂಟರ್. ಹೆಚ್ಚಿನವು 12 ವೋಲ್ಟಿನವು, ಅವಕ್ಕೆಂದೇ ಸಿಗುವ ಚಿಕ್ಕ ಯುಪಿಎಸ್ ಹಾಕಿದರೆ ಟಿವಿ ನಿಂತರೂ ಲ್ಯಾಪ್‌ಟಾಪಿನಲ್ಲಿ ಮುಂದುವರಿಸಬಹುದು. ಸಂಜೆಯ ಕೆಲಸಕ್ಕೆ ಮೇಲ್ವಿಚಾರಕರಿಗೆ ಬದಲಿ ರಜೆಯನ್ನೋ ಭತ್ಯೆಯನ್ನೋ ಬರಹದಲ್ಲಿ ಕೊಡಿ. ಈಗಿರುವ ಕಡಿಮೆ ಗೌರವಧನದಲ್ಲಿ ಇನ್ನೊಂದು ಹೊರೆಯನ್ನು ಮೌಖಿಕ ಆದೇಶದ ಮೇಲೆ ಹೇರುವುದು ನ್ಯಾಯವಲ್ಲ.

ಕೊನೆಗೆ ಲೆಕ್ಕದ ವಿಚಾರ. ಫೇಸ್‌ಬುಕ್ ಕ್ಷಣಮಾತ್ರ ನೋಡಿದ್ದನ್ನೂ ಒಂದು ವೀಕ್ಷಣೆ ಎನ್ನುತ್ತದೆ. ಆ ಸಂಖ್ಯೆಯನ್ನು ವರದಿಯಲ್ಲಿ ಬರೆದರೆ ಯಾರಿಗೂ ಏನೂ ತಿಳಿಯದು. ಕಾರ್ಯಕ್ರಮದ ಅರ್ಧದವರೆಗೆ ಎಷ್ಟು ಜನ ಉಳಿದರು, ಹಿಂದಿನ ವಾರದವರಲ್ಲಿ ಎಷ್ಟು ಜನ ಮರಳಿದರು, ಆ ವಾರ ಓದಿದ ಪುಸ್ತಕವನ್ನು ಎಷ್ಟು ಜನ ಎರವಲು ಕೇಳಿದರು ಎಂಬ ಮೂರನ್ನು ಬರೆದಿಡಿ. ಹನ್ನೆರಡು ಮಕ್ಕಳು ಪ್ರತಿ ವಾರ ಬರುವ ಕಥಾಸಮಯವನ್ನು ‘ಸ್ಪಂದನೆ ಕಡಿಮೆ’ ಎಂದು ನಿಲ್ಲಿಸಬೇಡಿ. ಒಂದು ಅಂಗನವಾಡಿ ತುಂಬುವಷ್ಟು ಮಕ್ಕಳು ಅವರು.

ನಮ್ಮ ಕೋರಿಕೆ ಇಷ್ಟು. ಪ್ರತಿ ಜಿಲ್ಲಾ ಗ್ರಂಥಾಲಯದಲ್ಲಿ ಆನ್‌ಲೈನ್ ಕಾರ್ಯಕ್ರಮಗಳಿಗೆ ಒಬ್ಬರನ್ನು ಹೆಸರಿಸಿ, ಅವರ ಕಚೇರಿ ದೂರವಾಣಿ ಸಂಖ್ಯೆಯನ್ನು ಪ್ರಕಟಿಸಿ. ಒಂದು ಕಾಲರ್ ಮೈಕ್, ಪರಿವರ್ತಕ, ಫೋನ್ ಸ್ಟ್ಯಾಂಡ್, ರೂಟರ್ ಯುಪಿಎಸ್ ಮತ್ತು ಸಮಯದ ಮಿತಿಯಿಲ್ಲದ ಒಂದು ಸಭಾ ಖಾತೆ ಕೊಡಿ. ಕೃತಿಸ್ವಾಮ್ಯ ಮತ್ತು ಮಕ್ಕಳ ಸುರಕ್ಷತೆಯ ಬಗ್ಗೆ ಒಂದೊಂದು ಪುಟದ ಸುತ್ತೋಲೆ ಹೊರಡಿಸಿ. ನಡೆಸಿಕೊಡುವವರಿಗೆ ಸಂಭಾವನೆ ನಿಗದಿ ಮಾಡಿ. ಸಾರ್ವಜನಿಕ ಗ್ರಂಥಾಲಯ ಮತ್ತು ಗ್ರಾಮೀಣಾಭಿವೃದ್ಧಿ ಇಲಾಖೆಗಳೆರಡೂ ಬೇರೆ ಬೇರೆ ಮಾಡುವ ಬದಲು ಒಂದು ಜಿಲ್ಲೆಯ ಕಾರ್ಯಕ್ರಮ ಎಲ್ಲ ಜಿಲ್ಲೆಗಳ ಅರಿವು ಕೇಂದ್ರಗಳಿಗೂ ಸಿಗುವಂತೆ ಒಂದೇ ವೇಳಾಪಟ್ಟಿ ಮಾಡಿ. ಮತ್ತು ಈ ಸಲದ ಸಪ್ತಾಹದ ಕೊನೆಯ ದಿನ, ನವೆಂಬರ್ 20ರ ಸಮಾರೋಪದಲ್ಲಿ, ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಕಾರ್ಯಕ್ರಮಗಳ ಪಟ್ಟಿಯನ್ನು ಲಿಂಕ್ ಸಮೇತ ಓದಿ ಹೇಳಿ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿಗಳು,
ಸಾರ್ವಜನಿಕ ಗ್ರಂಥಾಲಯಗಳ ಓದುಗರು ಮತ್ತು ಕಾರ್ಯಕ್ರಮ ನಡೆಸಿಕೊಡುವವರು